ಶಾರ್ಕ್ ಮೀನಿಗೆ ತಡೆ ಉಂಟೆ?

ಎತ್ತ ಹೊರಟರೂ ಹತ್ತಿರ ಹತ್ತಿರ ಮುನ್ನೂರು ಕಿಲೋಮೀಟರು ಸಾಗಿದ ಹೊರತು ಕಡಲು ಕಣ್ಣಿಗೆ ಬೀಳದ ಗೌರಿಬಿದನೂರಿನಲ್ಲಿ ಕುಳಿತು ಶಾರ್ಕ್ ಮೀನಿನ ವಿಷಯವಾಗಿ ಲೇಖನ ಬರೆಯಹೊರಟವನನ್ನು ಕಂಡು ವಾಚಕ ಮಿತ್ರರು ನಗಬಹುದು. ನಗುವುದು ನ್ಯಾಯವೇ. ನಮ್ಮ ಉತ್ತರ ಪಿನಾಕಿನಿಯಲ್ಲಿ ಮೀನಿನ ಮಾತು ಹಾಗಿರಲಿ, ವರ್ಷದ ಬಹುಭಾಗ ನೀರೇ ಇರುವುದಿಲ್ಲ. ಸಾಲದ್ದಕ್ಕೆ ನಾನು ಕಲಾ ವಿಭಾಗದ ವಿದ್ಯಾರ್ಥಿ. ವಿಜ್ಞಾನವನ್ನು ಹತ್ತನೆಯ ತರಗತಿಯಲ್ಲಿಯೇ ಕೈಮುಗಿದು ಬೀಳ್ಕೊಟ್ಟವನು. ಆದರೂ ಈ ವಿಷಯ ನನ್ನನ್ನು ಹುಡುಕಿಕೊಂಡು ಮನೆಯ ಬಾಗಿಲಿಗೇ ಬಂದಿತು. ಬಂದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಚಿಕ್ಕಪ್ಪನ ಮಗ, ನನಗಿಂತ ಹತ್ತು ವರ್ಷ ಹಿರಿಯ, ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿಂದ ಸುಮಾರು ೧೯ ಕಿ.ಮೀ. ದೂರದಲ್ಲಿ, ಅರಬ್ಬೀ ಸಮುದ್ರದ ಮಧ್ಯದಲ್ಲಿ, ನೇತ್ರಾಣಿ ಎಂಬ ಸಣ್ಣ ದ್ವೀಪವೊಂದಿದೆ. ಪ್ರವಾಸಿಗರನ್ನು ದೋಣಿಯಲ್ಲಿ ಅಲ್ಲಿಗೆ ಕರೆದೊಯ್ದು, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ, ನೀರಿನೊಳಗೆ ಇಳಿಸಿ, ಹವಳವನ್ನೂ ಬಣ್ಣಬಣ್ಣದ ಮೀನುಗಳನ್ನೂ ತೋರಿಸಿ ತರುವ ‘ಸ್ಕೂಬಾ ಡೈವಿಂಗ್’ ಈಚಿನ ವರ್ಷಗಳಲ್ಲಿ ಅಲ್ಲಿ ಒಂದು ಉದ್ಯೋಗವಾಗಿಯೇ ಬೆಳೆದಿದೆ. ಬಯಲುಸೀಮೆಯ ಹುಡುಗ ಅಂಥ ಕೆಲಸಕ್ಕೆ ಸೇರಿದ್ದು ಹೇಗೆಂದರೆ, ನಮ್ಮ ತಾತನ ಬಾವಿಯಲ್ಲಿ ನೀರಿದ್ದ ಕೊನೆಯ ವರ್ಷಗಳಲ್ಲಿ ಅವನು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತಿದ್ದ. ನಾನು ಆ ವಯಸ್ಸಿಗೆ ಬರುವಷ್ಟರಲ್ಲಿ ಬಾವಿ ಬತ್ತಿಹೋಗಿತ್ತು.

ಎರಡು ವರ್ಷ ಎಲ್ಲವೂ ಚೆನ್ನಾಗಿಯೇ ಇತ್ತು. ಒಂದು ದಿನ ಪಕ್ಕದ ಮನೆಯವರ ಫೋನಿನಲ್ಲಿ ಚಿಕ್ಕಮ್ಮ ಒಂದು ವಿಡಿಯೋ ನೋಡಿದಳು. ಯಾವುದೋ ದೇಶದ ಯಾವುದೋ ಕಡಲಿನಲ್ಲಿ ದೊಡ್ಡ ಶಾರ್ಕೊಂದು ಹಲಗೆಯ ಮೇಲಿದ್ದ ಮನುಷ್ಯನನ್ನು ಹಿಡಿದೆಳೆಯುವ ದೃಶ್ಯ. ಅಂದಿನಿಂದ ಆಕೆಗೆ ನಿದ್ರೆಯಿಲ್ಲ. ಊರ ದೇವರಲ್ಲಿ ಪೂಜೆ ಮಾಡಿಸಿ ತಾಯತ ಕಟ್ಟಿಸಿ ಮಗನಿಗೆ ಕಳುಹಿಸಿಕೊಟ್ಟದ್ದಾಯಿತು. ಬಳಿಕ ನನ್ನನ್ನು ಕರೆದು, “ಲೋ, ಕಾಲೇಜಲ್ಲಿ ಓದ್ತಾ ಇದೀಯಲ್ಲ, ಆ ಮೀನಿಗೆ ಏನಾದ್ರೂ ತಡೆ ಐತಾ ಬುಕ್ಕಲ್ಲಿ ನೋಡು. ಇದ್ರೆ ಎಷ್ಟಾದ್ರೂ ಆಗ್ಲಿ, ತಗೊಂಡು ಕಟ್ಕೊಳ್ಲಿ” ಎಂದಳು. ಕಾಕತಾಳೀಯವೆಂಬಂತೆ ಅದೇ ವಾರ ಅಣ್ಣನೂ ಫೋನು ಮಾಡಿ, ಶಾರ್ಕುಗಳನ್ನು ದೂರವಿಡುವ ಅಯಸ್ಕಾಂತದ ಕೈಪಟ್ಟಿಯೊಂದು ಮಾರಾಟಕ್ಕಿದೆ, ಏಳೆಂಟು ಸಾವಿರ ರೂಪಾಯಿ ಆಗುತ್ತದೆ, ಕೊಳ್ಳಬಹುದೇ, ವಿಚಾರಿಸಿ ಹೇಳು ಎಂದನು. ತಾಯಿ ಕಳುಹಿಸಿದ ತಾಯತ ಒಂದು ಕೈಗೆ, ಅಯಸ್ಕಾಂತ ಇನ್ನೊಂದು ಕೈಗೆ! ಎರಡರಲ್ಲಿ ಯಾವುದು ಹೆಚ್ಚು ಎಂಬುದನ್ನು ತಿಳಿಯಲು ಹೊರಟ ನಾನು ಮೂರು ತಿಂಗಳು ಓದಿದೆ. ನನಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದ್ದ ವಿಜ್ಞಾನದ ಮೇಷ್ಟ್ರನ್ನು ಸಂಜೆಯ ಹೊತ್ತು ಕಾಡಿದೆ. ಅದರ ಫಲವೇ ಈ ಲೇಖನ.

ಮೊದಲು ಭಯದ ಅಳತೆಯನ್ನು ತಿಳಿಯಬೇಕು. ಜಗತ್ತಿನಲ್ಲಿ ೫೦೦ಕ್ಕೂ ಹೆಚ್ಚು ಜಾತಿಯ ಶಾರ್ಕುಗಳಿವೆ. ಅವುಗಳಲ್ಲಿ ಮನುಷ್ಯನ ಪ್ರಾಣಕ್ಕೆ ಎರವಾಗುವಂಥವು ಮುಖ್ಯವಾಗಿ ಮೂರು: ಬಿಳಿ ಶಾರ್ಕ್, ಹುಲಿ ಶಾರ್ಕ್, ಬುಲ್ ಶಾರ್ಕ್. ಅಮೆರಿಕದ ಫ್ಲಾರಿಡಾದಲ್ಲಿ ಶಾರ್ಕ್ ಕಡಿತಗಳ ದಾಖಲೆಯನ್ನು ಜಗತ್ತಿನ ಎಲ್ಲೆಡೆಯಿಂದ ಸಂಗ್ರಹಿಸಿಡುವ ಕಡತವೊಂದಿದೆ. ಅದರ ಪ್ರಕಾರ ೨೦೨೨ನೆಯ ಇಸವಿಯಲ್ಲಿ, ಮನುಷ್ಯನು ತಾನಾಗಿ ಕೆಣಕದಿದ್ದರೂ ಶಾರ್ಕ್ ಕಚ್ಚಿದ ಪ್ರಸಂಗಗಳು ಇಡೀ ಪ್ರಪಂಚದಲ್ಲಿ ೫೭, ಸತ್ತವರು ಐವರು. ಈ ಸಂಖ್ಯೆಗಳನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇವು ಬೇಕಾಗುತ್ತವೆ.

ಸಂಖ್ಯೆ ಅಲ್ಪವಾದರೂ ಭಯ ಅಲ್ಪವಲ್ಲ. ಆ ಭಯದಿಂದಲೇ ತಡೆಯ ವಿದ್ಯೆ ಹುಟ್ಟಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನಲ್ಲಿ ೧೯೩೭ರಿಂದಲೂ, ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ೧೯೫೨ರಿಂದಲೂ ಸ್ನಾನದ ತೀರಗಳ ಮುಂದೆ ಬಲೆ ಹಾಕುತ್ತ ಬಂದರು. ಬಲೆಯೆಂದರೆ ನಮ್ಮ ಹೊಲದ ಬೇಲಿಯಂತೆ ದಡದುದ್ದಕ್ಕೂ ಇರುವುದೆಂದು ನಾನು ಭಾವಿಸಿದ್ದೆ. ಹಾಗಲ್ಲ. ಅವು ನೂರೈವತ್ತು ಮೀಟರಿನಷ್ಟು ಉದ್ದದ ತುಂಡುಗಳು. ಮೇಲಿನಿಂದಲೂ ಕೆಳಗಿನಿಂದಲೂ ಪಕ್ಕದಿಂದಲೂ ಮೀನು ದಾಟಬಹುದು. ಅವು ಕೆಲಸ ಮಾಡುವುದು ತಡೆದಲ್ಲ, ಕೊಂದು. ಸುತ್ತಮುತ್ತಲ ಶಾರ್ಕುಗಳನ್ನು ಸಿಕ್ಕಿಸಿ ಅವುಗಳ ಸಂಖ್ಯೆಯನ್ನು ತಗ್ಗಿಸುತ್ತವೆ. ಜೊತೆಗೆ ಆಮೆ, ಡಾಲ್ಫಿನ್, ತೊರಕೆ ಎಲ್ಲವೂ ಬೀಳುತ್ತವೆ. ಹುಲಿಯ ಭಯಕ್ಕೆ ಊರ ದನಕ್ಕೂ ಉರುಲು ಹಾಕಿದಂತೆ.

ಎರಡನೆಯ ಮಹಾಯುದ್ಧದಲ್ಲಿ ಹಡಗು ಮುಳುಗಿ, ವಿಮಾನ ಬಿದ್ದು, ನೂರಾರು ಯೋಧರು ನೀರಿನಲ್ಲಿ ತೇಲಬೇಕಾಗಿ ಬಂದಾಗ ಅಮೆರಿಕದವರು ರಾಸಾಯನಿಕ ತಡೆಗೆ ಕೈಹಾಕಿದರು. ಕೊಳೆತ ಶಾರ್ಕ್ ಮಾಂಸವನ್ನು ಕಂಡರೆ ಶಾರ್ಕುಗಳು ಹತ್ತಿರ ಸುಳಿಯುವುದಿಲ್ಲವೆಂಬ ಮೀನುಗಾರರ ಮಾತನ್ನು ಹಿಡಿದು ಹೊರಟು, ಕೊನೆಗೆ ತಾಮ್ರದ ಅಸಿಟೇಟ್ ಮತ್ತು ಕಪ್ಪು ಬಣ್ಣವನ್ನು ಬೆರೆಸಿದ ಬಿಲ್ಲೆಯೊಂದನ್ನು ಸಿದ್ಧಪಡಿಸಿದರು. ಆ ಕೆಲಸದಲ್ಲಿ ಪಾಲುಗೊಂಡವರಲ್ಲಿ ಒಬ್ಬಾಕೆ ಜೂಲಿಯಾ ಚೈಲ್ಡ್. ಮುಂದೆ ಅಮೆರಿಕದ ಮನೆಮನೆಗೆ ಫ್ರಾನ್ಸಿನ ಅಡುಗೆಯನ್ನು ಕಲಿಸಿ ಹೆಸರಾದ ಹೆಂಗಸು. ಅಡುಗೆಯ ಮೊದಲ ಪಾಠ, ತಿನ್ನಬಾರದ್ದನ್ನು ಬೇಯಿಸುವುದರಿಂದ ಆರಂಭವಾಯಿತೆನ್ನಬೇಕು! ಬಿಲ್ಲೆಯಿಂದ ಯೋಧರಿಗೆ ಧೈರ್ಯ ಬಂದಿತು. ಶಾರ್ಕುಗಳಿಗೆ ಭಯ ಬಂದಿತೆಂಬುದಕ್ಕೆ ಮಾತ್ರ ಸಾಕ್ಷ್ಯ ದೊರೆಯಲಿಲ್ಲ. ಕಡಲಿನಂಥ ಕಡಲಿನಲ್ಲಿ ಒಂದು ಬಿಲ್ಲೆಯ ಮದ್ದು ಎಷ್ಟು ಹೊತ್ತು ನಿಂತೀತು? ೧೯೭೦ರ ದಶಕದಲ್ಲಿ ನೌಕಾಪಡೆಯವರು ಅದನ್ನು ಕೈಬಿಟ್ಟರು.

ಆ ಕಾಲಕ್ಕೇ ಆಸ್ಟ್ರೇಲಿಯಾದ ರಾನ್ ಟೇಲರ್ ಮತ್ತು ವ್ಯಾಲರಿ ಟೇಲರ್ ದಂಪತಿಗಳು ಉಕ್ಕಿನ ಸಣ್ಣ ಸಣ್ಣ ಬಳೆಗಳನ್ನು ಹೆಣೆದ ಕವಚವನ್ನು ತೊಟ್ಟು ನೋಡಿದರು; ವ್ಯಾಲರಿ ತನ್ನ ತೋಳನ್ನೇ ನೀಲಿ ಶಾರ್ಕಿನ ಬಾಯಿಗೆ ಕೊಟ್ಟು ಪರೀಕ್ಷಿಸಿದಳು. ನಮ್ಮ ಪಾಳೆಯಗಾರರ ಕಾಲದ ಸರಪಣಿ ಕವಚದ ಮಾದರಿಯೇ ಅದು. ಹಲ್ಲು ಒಳಗೆ ಇಳಿಯದು, ನಿಜ. ಆದರೆ ದೊಡ್ಡ ಮೀನಿನ ದವಡೆಯ ಒತ್ತಡಕ್ಕೆ ಒಳಗಿನ ಮೂಳೆ ಮುರಿಯದಿರದು, ಮತ್ತು ಅಲೆಯ ಮೇಲೆ ಹಲಗೆಯಾಟವಾಡುವವನು ಉಕ್ಕಿನ ಅಂಗಿ ತೊಟ್ಟು ತೇಲಲಾರನು.

ಈ ಎಲ್ಲ ಪ್ರಯತ್ನಗಳಿಗೂ ಒಂದು ಸಾಮಾನ್ಯ ದೋಷವಿತ್ತು. ಶಾರ್ಕ್ ಜಗತ್ತನ್ನು ಹೇಗೆ ಅರಿಯುತ್ತದೆಂಬುದನ್ನು ತಿಳಿಯುವ ಮೊದಲೇ ಅದನ್ನು ಓಡಿಸಹೊರಟದ್ದು. ನಿಜವಾದ ದಾರಿ ತೆರೆದದ್ದು ಬೇರೊಂದು ದಿಕ್ಕಿನಿಂದ. ನನಗೆ ಈ ಅಧ್ಯಯನದಲ್ಲಿ ಅತ್ಯಂತ ಸಂತೋಷ ಕೊಟ್ಟ ಭಾಗವೂ ಅದೇ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುವುದನ್ನು ಕ್ಷಮಿಸಬೇಕು.

ಶಾರ್ಕಿನ ಮೂತಿಯ ಸುತ್ತ ಸೂಜಿಯಿಂದ ಚುಚ್ಚಿದಂಥ ನೂರಾರು ರಂಧ್ರಗಳಿವೆ. ಒಂದೊಂದು ರಂಧ್ರದ ಒಳಗೂ ಲೋಳೆ ತುಂಬಿದ ನಾಳ, ನಾಳದ ತುದಿಯಲ್ಲಿ ಒಂದು ಪುಟ್ಟ ಬುಡ್ಡಿ. ಇಟಲಿಯ ಸ್ಟೆಫಾನೊ ಲೊರೆಂಜಿನಿ ೧೬೭೮ರಲ್ಲಿಯೇ ಇವನ್ನು ವರ್ಣಿಸಿದ್ದನು. ಇಂದಿಗೂ ಅವಕ್ಕೆ ಅವನದೇ ಹೆಸರು. ಆದರೆ ಅವು ಇರುವುದೇತಕ್ಕೆ ಎಂಬುದು ಸುಮಾರು ಮುನ್ನೂರು ವರ್ಷ ಒಗಟಾಗಿಯೇ ಉಳಿಯಿತು. ಅದನ್ನು ಬಿಡಿಸಿದವನು ಹಾಲೆಂಡಿನ ಆಡ್ರಿಯಾನಸ್ ಕಾಲ್ಮೈನ್. ೧೯೭೧ರಲ್ಲಿ ಪ್ರಕಟವಾದ ಅವನ ಪ್ರಯೋಗ ಎಷ್ಟು ಸರಳವೆಂದರೆ, ಓದಿದಾಗ ಇದು ನನಗೇಕೆ ಹೊಳೆಯಲಿಲ್ಲವೆನ್ನಿಸುವಷ್ಟು! ತೊಟ್ಟಿಯ ತಳದ ಮರಳಿನಲ್ಲಿ ಜೀವಂತ ಚಪ್ಪಟೆ ಮೀನೊಂದನ್ನು ಹೂತಿಟ್ಟನು. ಸಣ್ಣ ಶಾರ್ಕ್ ನೇರವಾಗಿ ಬಂದು ಅದನ್ನು ಅಗೆದು ಹಿಡಿಯಿತು. ಕಣ್ಣಿಗೆ ಕಾಣದ್ದು ಹೇಗೆ ತಿಳಿಯಿತು? ವಾಸನೆಯಿಂದಿರಬಹುದೇ? ಮೀನಿನ ಮೇಲೆ ಅಗರ್ ಎಂಬ ಗಟ್ಟಿ ಲೋಳೆಯ ಗೂಡನ್ನು ಮುಚ್ಚಿದನು. ಅದರ ಮೂಲಕ ವಾಸನೆ ಹೊರಬಾರದು, ವಿದ್ಯುತ್ತು ಹೊರಬರುವುದು. ಶಾರ್ಕ್ ಮತ್ತೆ ಸರಿಯಾಗಿ ಅಲ್ಲಿಗೇ ಬಂದಿತು. ಆ ಗೂಡಿನ ಮೇಲೆ ವಿದ್ಯುತ್ತನ್ನು ತಡೆಯುವ ತೆಳುವಾದ ಪ್ಲಾಸ್ಟಿಕ್ ಹಾಳೆ ಹೊದಿಸಿದನು. ಶಾರ್ಕ್ ಏನೂ ತಿಳಿಯದಂತೆ ಮೇಲಿನಿಂದ ಹಾದುಹೋಯಿತು! ಕಡೆಗೆ ಮೀನನ್ನೇ ತೆಗೆದು, ಮರಳಿನಲ್ಲಿ ಎರಡು ತಂತಿಯ ತುದಿಗಳನ್ನು ಹೂತು, ಮೀನಿನ ಮೈಯಿಂದ ಹೊರಡುವಷ್ಟೇ ಸಣ್ಣ ವಿದ್ಯುತ್ತನ್ನು ಹರಿಸಿದನು. ಶಾರ್ಕ್ ಬಂದು ಆ ತಂತಿಗಳನ್ನೇ ಕಚ್ಚಿತು.

ಜೀವವಿರುವ ಪ್ರಾಣಿ ಉಸಿರಾಡಿದರೆ, ಮೈ ಅಲುಗಿಸಿದರೆ, ನೀರಿನಲ್ಲಿ ಒಂದು ಕ್ಷೀಣ ವಿದ್ಯುತ್ ಕ್ಷೇತ್ರ ಏಳುತ್ತದೆ. ಅದನ್ನು ಶಾರ್ಕ್ ಅರಿಯುತ್ತದೆ. ಎಷ್ಟು ಕ್ಷೀಣ? ಒಂದು ಸೆಂಟಿಮೀಟರಿಗೆ ಒಂದು ವೋಲ್ಟಿನ ನೂರು ಕೋಟಿಯಲ್ಲಿ ಐದು ಭಾಗ. ಈ ಲೆಕ್ಕ ನನ್ನ ತಲೆಗೆ ಇಳಿಯಲಿಲ್ಲ. ಆಗ ಮೇಷ್ಟ್ರು ಹೀಗೆ ಬಿಡಿಸಿ ಹೇಳಿದರು: “ಟಾರ್ಚಿಗೆ ಹಾಕುವ ಒಂದೂವರೆ ವೋಲ್ಟಿನ ಒಂದು ಸೆಲ್ ತೆಗೆದುಕೋ. ಅದರ ವೋಲ್ಟನ್ನು ನಮ್ಮ ದೇಶದ ಉತ್ತರ ತುದಿಯಿಂದ ದಕ್ಷಿಣ ತುದಿಯವರೆಗೆ, ೩,೨೧೪ ಕಿಲೋಮೀಟರಿಗೆ, ಸಮನಾಗಿ ಹಂಚು. ಒಂದೊಂದು ಸೆಂಟಿಮೀಟರಿಗೆ ಬರುವ ಪಾಲೇ ಅದು.” ನಾನು ಮನೆಗೆ ಹೋಗಿ ಭಾಗಿಸಿ ನೋಡಿದೆ, ಸರಿಯಾಗಿತ್ತು.

ಇಷ್ಟು ಸೂಕ್ಷ್ಮವಾದ ಇಂದ್ರಿಯವೇ ಶಾರ್ಕಿನ ದೌರ್ಬಲ್ಯವೂ ಆಯಿತು. ನಮ್ಮ ಊರಿನ ಉದಾಹರಣೆಯಿಂದಲೇ ಇದನ್ನು ತಿಳಿಯಬಹುದು. ಗೌರಿಬಿದನೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಭೂಕಂಪನ ಮಾಪಕಗಳ ಸಾಲು ಇರುವುದನ್ನು ನಾವೆಲ್ಲ ಬಲ್ಲೆವು. ಸಾವಿರಾರು ಕಿ.ಮೀ. ಆಚೆ ನೆಲದೊಳಗೆ ಯಾವ ದೇಶವಾದರೂ ಅಣುಬಾಂಬು ಸಿಡಿಸಿದರೆ ಆ ನಡುಕವನ್ನು ಹಿಡಿಯುವುದು ಅದರ ಕೆಲಸ. ಅಂಥ ಉಪಕರಣದ ಮಗ್ಗುಲಲ್ಲೇ ಜಲ್ಲಿ ತುಂಬಿದ ಲಾರಿಯೊಂದು ಹಾದರೆ ಏನಾದೀತು? ದೂರದ ಪಿಸುಮಾತನ್ನು ಕೇಳಲು ಕಿವಿಗೊಟ್ಟವನ ಕಿವಿಯಲ್ಲಿ ತಮಟೆ ಬಾರಿಸಿದಂತಾಗುವುದು. ಶಾರ್ಕಿಗೂ ಹಾಗೆಯೇ. ದಕ್ಷಿಣ ಆಫ್ರಿಕದ ನಟಾಲ್ ಶಾರ್ಕ್ ಮಂಡಲಿಯವರು ೧೯೯೦ರ ದಶಕದಲ್ಲಿ ಈ ತತ್ತ್ವದ ಮೇಲೆ ಯಂತ್ರವೊಂದನ್ನು ರಚಿಸಿದರು. ಬ್ಯಾಟರಿಯೊಂದು, ಎರಡು ವಿದ್ಯುದ್ವಾರಗಳು. ಮುಳುಗುಗಾರನ ಕಾಲಿಗೆ ಕಟ್ಟಿದ ಬಾಲದಂಥ ಪಟ್ಟಿಯಲ್ಲಿಯೋ, ಹಲಗೆಯ ಅಡಿಯಲ್ಲಿಯೋ ಅವನ್ನು ಅಳವಡಿಸುವುದು. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಎರಡರ ನಡುವೆ ಬಿಟ್ಟು ಬಿಟ್ಟು ಮಿಡಿಯುವ ಕ್ಷೇತ್ರ ಏರ್ಪಡುತ್ತದೆ. ಹತ್ತಿರ ಬಂದ ಶಾರ್ಕಿನ ಮೂತಿಯ ಬುಡ್ಡಿಗಳಿಗೆ ಇದು ಸಹಿಸಲಾಗದ ಗದ್ದಲ. ಮೀನಿಗೆ ಗಾಯವಿಲ್ಲ, ಸಾವಿಲ್ಲ. ಅದು ತಿರುಗಿ ಹೋಗುತ್ತದೆ, ಅಥವಾ ಹೋಗಬೇಕು.

‘ಹೋಗಬೇಕು’ ಎಂದೆ, ಇಲ್ಲಿಂದಲೇ ಪರೀಕ್ಷೆಯ ಮಾತು ಬರುತ್ತದೆ. ಯಂತ್ರದ ಹಿಂದೆ ವ್ಯಾಪಾರ ಬಂದಿತು. ವ್ಯಾಪಾರದ ಹಿಂದೆ ಕೈಪಟ್ಟಿ, ಮೇಣ, ಪಟ್ಟೆಪಟ್ಟೆಯ ಅಂಗಿ ಮುಂತಾದವು ಒಂದರ ಮೇಲೊಂದು ಬಂದವು. ಕೊಂಡವರಲ್ಲಿ ಬಹುತೇಕ ಯಾರನ್ನೂ ಶಾರ್ಕ್ ಕಚ್ಚಲಿಲ್ಲ. ಕೊಳ್ಳದವರಲ್ಲಿಯೂ ಬಹುತೇಕ ಯಾರನ್ನೂ ಕಚ್ಚಲಿಲ್ಲ! ಅಪರೂಪದ ಅಪಾಯಕ್ಕೆ ಕಟ್ಟಿದ ಯಾವ ತಡೆಯಾದರೂ ಫಲಕಾರಿಯೆಂದೇ ತೋರುತ್ತದೆ. ತಾಯತದ ಯಶಸ್ಸಿನ ಗುಟ್ಟೂ ಇದೇ. ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, ೧೯೭೬ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದ್ದರು. ಪವಾಡ ಹೊಸ ವೇಷದಲ್ಲಿ, ಪೆಟ್ಟಿಗೆಯ ಮೇಲೆ ಬೆಲೆ ಅಚ್ಚು ಹಾಕಿಸಿಕೊಂಡು ಬಂದರೂ ಅದೇ ಬಗೆಯ ಪರೀಕ್ಷೆ ಬೇಕಾಗುತ್ತದೆ.

ಆ ಪರೀಕ್ಷೆಯನ್ನು ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಚಾರ್ಲಿ ಹ್ಯುವನಿಯರ್ಸ್ ಮತ್ತು ಸಂಗಡಿಗರು ಮಾಡಿದರು. ಫಲಿತಾಂಶ ೨೦೧೮ರಲ್ಲಿ ಪ್ರಕಟವಾಯಿತು. ಬಿಳಿ ಶಾರ್ಕುಗಳು ನೆರೆಯುವ ನೆಪ್ಚೂನ್ ದ್ವೀಪಗಳ ಬಳಿ ಹಲಗೆಯೊಂದನ್ನು ತೇಲಬಿಟ್ಟು, ಅದರ ಕೆಳಗೆ ಮೀನಿನ ತುಂಡನ್ನು ಕಟ್ಟಿ, ಪೇಟೆಯಲ್ಲಿ ದೊರೆಯುವ ಐದು ಬಗೆಯ ತಡೆಗಳನ್ನು ಒಂದಾದ ಮೇಲೊಂದರಂತೆ ಅಳವಡಿಸಿ ನೋಡಿದರು. ೪೪ ಶಾರ್ಕುಗಳು, ೨೯೭ ಸಲದ ಪರೀಕ್ಷೆ. ತಡೆಯೇ ಇಲ್ಲದಾಗ ಶಾರ್ಕ್ ನೂರಕ್ಕೆ ೯೬ ಸಲ ತುಂಡನ್ನು ಕಬಳಿಸಿತು. ಹಲಗೆಗೆ ಅಳವಡಿಸಿದ ಪ್ರಬಲವಾದ ವಿದ್ಯುತ್ ಯಂತ್ರವೊಂದಿದ್ದಾಗ ಅದು ೪೦ಕ್ಕೆ ಇಳಿಯಿತು. ಉಳಿದ ನಾಲ್ಕರಿಂದ, ಎಂದರೆ ಅಯಸ್ಕಾಂತದ ಎರಡು ಪಟ್ಟಿಗಳು, ವಾಸನೆಯ ಮೇಣ, ಇನ್ನೊಂದು ದುರ್ಬಲ ವಿದ್ಯುತ್ ಯಂತ್ರ ಇವುಗಳಿಂದ, ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ.

ಅಯಸ್ಕಾಂತ ಸೋತದ್ದೇಕೆ ಎಂಬುದಕ್ಕೆ ಭೌತಶಾಸ್ತ್ರ ಉತ್ತರ ಕೊಡುತ್ತದೆ. ಅದರ ಬಲ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ. ದೂರ ಎರಡರಷ್ಟಾದರೆ ಬಲ ಎಂಟರಲ್ಲೊಂದು, ಹತ್ತರಷ್ಟಾದರೆ ಸಾವಿರದಲ್ಲೊಂದು. ಮಣಿಕಟ್ಟಿನ ಅಯಸ್ಕಾಂತ ಹೆಚ್ಚೆಂದರೆ ಗೇಣುದೂರದಲ್ಲಿ ಶಾರ್ಕಿಗೆ ತನ್ನ ಇರವನ್ನು ತಿಳಿಸೀತು. ನಾಲ್ಕು ಮೀಟರಿನ ಮೀನು ವೇಗವಾಗಿ ನುಗ್ಗಿ ಬಂದು ಕಾಲಿಗೆ ಬಾಯಿ ಹಾಕುವಾಗ ಕೈಯಲ್ಲಿರುವ ಪಟ್ಟಿ ಏನು ಮಾಡೀತು? ಒಳ್ಳೆಯ ವಿದ್ಯುತ್ ಯಂತ್ರದ ಪ್ರಭಾವವೂ ಪರೀಕ್ಷೆಗಳಲ್ಲಿ ಕಂಡಂತೆ ಒಂದು ಮೀಟರಿನ ಆಸುಪಾಸಿನದೇ.

ಇನ್ನುಳಿದ ಉಪಾಯಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬಿಳಿ ಶಾರ್ಕ್ ಕೆಳಗಿನಿಂದ ಮೇಲೆ ನೋಡುತ್ತ, ಆಕಾಶದ ಬೆಳಕಿನ ಎದುರು ಕಪ್ಪಗೆ ಕಾಣುವ ಆಕಾರವನ್ನು ನೀರುನಾಯಿಯಂಥ ‘ಸೀಲ್’ ಎಂದು ಬಗೆದು ಮೇಲೇರುತ್ತದೆ. ಅಡಿಭಾಗದಲ್ಲಿ ಪ್ರಕಾಶವಾದ ದೀಪದ ಪಟ್ಟಿಗಳನ್ನು ಕಟ್ಟಿದರೆ ಆ ಆಕಾರವೇ ಒಡೆದುಹೋಗಿ ಶಾರ್ಕ್ ದೂರ ಸರಿಯಿತೆಂದು ಮ್ಯಾಕ್ವಾರಿ ವಿಶ್ವವಿದ್ಯಾಲಯದವರು ೨೦೨೪ರಲ್ಲಿ ತೋರಿಸಿದರು. ಉಕ್ಕಿನ ಕವಚದ ಬದಲು ಅತಿ ಬಲವಾದ ಪಾಲಿಎಥಿಲೀನ್ ಎಳೆಗಳನ್ನು ಸೇರಿಸಿ ಹೊಲಿದ ಹಗುರವಾದ ಈಜುಡುಪುಗಳೂ ಬಂದಿವೆ. ೨೦೨೫ರಲ್ಲಿ ಪ್ರಕಟವಾದ ಪರೀಕ್ಷೆಯಂತೆ ಇವು ಕಡಿತವನ್ನು ತಪ್ಪಿಸವು, ಆದರೆ ಗಾಯವನ್ನೂ ರಕ್ತಸ್ರಾವವನ್ನೂ ತಗ್ಗಿಸಬಲ್ಲವು. ರಕ್ತ ಹರಿದೇ ಹೆಚ್ಚಿನವರು ಸಾಯುವುದರಿಂದ ಇದು ಸಣ್ಣ ಲಾಭವಲ್ಲ. ಆಕಾಶದಿಂದ ಡ್ರೋನು ಹಾರಿಸಿ ಕಾವಲಿರುವುದು ಇನ್ನೊಂದು ಉಪಾಯ. ಎಲ್ಲಕ್ಕಿಂತ ನಿರುಪದ್ರವಿ ಇದೇ ಎಂದು ನನಗೆ ತೋರುತ್ತದೆ.

ಇಷ್ಟನ್ನೂ ಬರೆದುಕೊಂಡು ಒಂದು ಸಂಜೆ ಚಿಕ್ಕಮ್ಮನ ಮುಂದೆ ಓದಿದೆ. ನೂರಕ್ಕೆ ನಲವತ್ತು ಎಂಬಲ್ಲಿಗೆ ಬಂದಾಗ ಆಕೆ ತಡೆದು, “ಅಂದ್ರೆ, ಅದನ್ನ ಕಟ್ಕೊಂಡಿದ್ರೂ ನೂರರಲ್ಲಿ ನಲವತ್ತು ಸಲ ತಿಂದೇ ಬಿಡ್ತೈತಾ? ಅದೆಂಥಾ ತಡೆನೋ?” ಎಂದಳು. ಅದು ಮನುಷ್ಯನನ್ನಲ್ಲ, ಮೀನಿನ ತುಂಡನ್ನು ತಿಂದದ್ದು, ಹಸಿದ ಶಾರ್ಕುಗಳನ್ನು ಬೇಕೆಂದೇ ಆಕರ್ಷಿಸಿ ಮಾಡಿದ ಪರೀಕ್ಷೆ ಅದು ಎಂದು ವಿವರಿಸಿದೆ. ಆಕೆಗೆ ಸಮಾಧಾನವಾಗಲಿಲ್ಲ. ಆಕೆಗೆ ಬೇಕಾದದ್ದು ನೂರಕ್ಕೆ ನೂರು. ಅದನ್ನು ಮಾರುವವರು ತಾಯತದವರು ಮಾತ್ರ.

ಆದ್ದರಿಂದ ಪ್ರಶ್ನೆಯನ್ನು ನಮ್ಮ ಕಡಲಿಗೇ ತಿರುಗಿಸಬೇಕಾಯಿತು. ಕರ್ನಾಟಕದ ಕರಾವಳಿಯಲ್ಲಿ ಶಾರ್ಕ್ ಇಲ್ಲವೆಂದಲ್ಲ. ಕುಂದಾಪುರದ ಕಡೆ ಅದನ್ನು ತಾಟೆ ಎನ್ನುತ್ತಾರೆ. ಮಲ್ಪೆ, ಮಂಗಳೂರುಗಳ ಬಂದರಿಗೆ ಬಂದು ಬೀಳುತ್ತದೆ. ಗಸಿಯಾಗಿ ಬಾಳೆಯೆಲೆಗೂ ಬರುತ್ತದೆ. ಆದರೆ ಅವುಗಳಲ್ಲಿ ಹೆಚ್ಚಿನವು ತೋಳಿನುದ್ದದ ಸಣ್ಣ ಜಾತಿಯವು. ಎಲ್ಲಕ್ಕಿಂತ ದೊಡ್ಡದಾದ ತಿಮಿಂಗಿಲ ಶಾರ್ಕ್ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಸಾಧು. ಅದನ್ನು ಬೇಟೆಯಾಡಿ ಬೇಟೆಯಾಡಿ, ಕೊನೆಗೆ ೨೦೦೧ರಲ್ಲಿ ಸರ್ಕಾರವೇ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ ಸೇರಿಸಬೇಕಾಯಿತು. ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳು ೧೯೭೦ರಿಂದೀಚೆಗೆ ನೂರಕ್ಕೆ ೭೧ರಷ್ಟು ಕಡಮೆಯಾಗಿವೆಯೆಂದು ೨೦೨೧ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಯಾರಿಂದ ಯಾರಿಗೆ ತಡೆ ಬೇಕಾಗಿದೆಯೋ ಹೇಳುವುದು ಕಷ್ಟ.

ಭಾರತದಲ್ಲಿ ಶಾರ್ಕ್ ಮನುಷ್ಯನನ್ನು ಕಚ್ಚಿಯೇ ಇಲ್ಲವೆಂದು ಹೇಳುವಂತಿಲ್ಲ. ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ, ವೈತರಣಾ ನದಿಗೆ ಕಡಲಿನ ಉಬ್ಬರ ಏರುವ ಕಡೆ, ೨೦೨೪ರ ಫೆಬ್ರವರಿಯಲ್ಲಿ ಮೀನು ಹಿಡಿಯುತ್ತಿದ್ದವನೊಬ್ಬನ ಕಾಲಿಗೆ ಬುಲ್ ಶಾರ್ಕ್ ಬಾಯಿ ಹಾಕಿ, ಆತ ಕಾಲನ್ನು ಕಳೆದುಕೊಂಡನು. ನದಿಗೂ ಏರಬಲ್ಲ ಜಾತಿ ಅದು. ಆದರೆ ನಮ್ಮ ಮೂಲ್ಕಿ, ಸಸಿಹಿತ್ಲುಗಳಲ್ಲಿ ಅಲೆಯ ಹಲಗೆಯಾಟ ನಡೆಯುತ್ತ ಬಂದಿದೆ. ೨೦೧೬ರಲ್ಲಿ ಸಸಿಹಿತ್ಲು ತೀರದಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಯೇ ನಡೆಯಿತು. ನೇತ್ರಾಣಿಯಲ್ಲಿ ಮಳೆಗಾಲದ ಹೊರತು ಜನ ಮುಳುಗುತ್ತಲೇ ಇದ್ದಾರೆ. ಅಲ್ಲೆಲ್ಲ ಯಾರೂ ವಿದ್ಯುತ್ತಿನ ಬಾಲ ಕಟ್ಟಿಕೊಂಡದ್ದನ್ನು ಅಣ್ಣ ಕಂಡಿಲ್ಲ. ಅವನು ಶಾರ್ಕನ್ನು ಕಂಡದ್ದು ಒಂದೇ ಸಲವಂತೆ: “ಎರಡು ಮೊಳ ಇತ್ತೋ ಇಲ್ವೋ. ನನ್ನ ನೋಡಿ ಅದೇ ಓಡಿಹೋಯ್ತು ಕಣೋ.”

ಹಾಗಾದರೆ ನೀನು ಹೆದರುವುದು ಯಾವುದಕ್ಕೆ ಎಂದು ಕೇಳಿದೆ. ಅವನು ತಡಮಾಡದೆ ಉತ್ತರ ಕೊಟ್ಟನು. ನೀರಿನೊಳಗೆ ಗಾಬರಿಯಾಗಿ ಬಾಯಿಯ ನಳಿಗೆಯನ್ನು ಕಿತ್ತುಹಾಕುವ ಪ್ರವಾಸಿ. ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮುವ ಪ್ರವಾಸಿ. ಹತ್ತು ಮೀಟರು ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟು. ಅಲ್ಲಿ ತುಂಬಿಕೊಂಡ ಉಸಿರನ್ನು ಬಿಡದೆ ಮೇಲೆ ಬಂದರೆ ಆ ಗಾಳಿ ಎದೆಯೊಳಗೆ ಎರಡರಷ್ಟು ಹಿಗ್ಗಲು ಹೋಗಿ ಶ್ವಾಸಕೋಶವನ್ನೇ ಹರಿಯಬಲ್ಲದು. “ಆಮೇಲೆ, ದಡದಲ್ಲಿ ಆಡೋರು,” ಎಂದನು. “ನಮ್ ಕಡೆಯಿಂದ ಬರ್ತಾರಲ್ಲ, ಅವ್ರನ್ನ ನೋಡಿದ್ರೆ ಎದೆ ಡವಡವ ಅಂತೈತೆ.”

ಅವನು ಹೇಳಿದ್ದು ಯಾವುದನ್ನೆಂದು ನನಗೆ ಅರ್ಥವಾಯಿತು. ೨೦೨೪ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ತೀರದಲ್ಲಿ ಅಲೆಗೆ ಸಿಕ್ಕಿ ತೀರಿಕೊಂಡರು. ನಮ್ಮಂತೆಯೇ ಬೋರ್‌ವೆಲ್ ನೀರು ಕುಡಿದು ಬೆಳೆದ, ಸಮುದ್ರವನ್ನು ಚಿತ್ರದಲ್ಲಿ ಮಾತ್ರ ನೋಡಿದ್ದ ಮಕ್ಕಳು. ಅವರನ್ನು ಕೊಂಡೊಯ್ದದ್ದು ಯಾವ ಮೀನೂ ಅಲ್ಲ. ದಡಕ್ಕೆ ಬಂದ ಅಲೆಗಳ ನೀರು ಮರಳಿ ಕಡಲಿಗೆ ಹೋಗುವಾಗ ಒಂದೊಂದು ಕಡೆ ಇಕ್ಕಟ್ಟಾದ ಕಾಲುವೆಯಂತೆ ರಭಸವಾಗಿ ಹರಿಯುತ್ತದೆ. ನೋಡುವವರಿಗೆ ಅಲ್ಲಿ ಅಲೆ ಕಡಮೆ, ನೀರು ಶಾಂತ. ಆದ್ದರಿಂದ ಈಜು ಬಾರದವನು ಆರಿಸಿಕೊಳ್ಳುವುದೂ ಅದೇ ಜಾಗವನ್ನು. ಸೆಳೆತಕ್ಕೆ ಸಿಕ್ಕಿದವನು ದಡದ ಕಡೆಗೆ ನೇರವಾಗಿ ಈಜಿದರೆ ಸೋಲುತ್ತಾನೆ. ಕೈಕಾಲು ಬಡಿಯದೆ ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಸರಿದರೆ ಕಾಲುವೆಯ ಹೊರಗೆ ಬರುತ್ತಾನೆ. ಇದಿಷ್ಟು ತಿಳಿವಳಿಕೆ, ಆದರೆ ತೇಲುವುದಕ್ಕಾದರೂ ಬರಬೇಕಲ್ಲ?

ಈಗ ಹಿಂದೆ ನೆನಪಿಡಿರೆಂದು ಕೋರಿದ ಸಂಖ್ಯೆಗೆ ಬರೋಣ. ೨೦೨೨ರಲ್ಲಿ ಇಡೀ ಜಗತ್ತಿನಲ್ಲಿ ಕೆಣಕದ ಶಾರ್ಕಿನಿಂದ ಸತ್ತವರು ಐವರು. ಅದೇ ವರ್ಷ ನಮ್ಮ ದೇಶವೊಂದರಲ್ಲಿಯೇ ಕೆರೆ, ಬಾವಿ, ನದಿ, ಕಡಲುಗಳಲ್ಲಿ ಮುಳುಗಿ ಸತ್ತವರು, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ, ೩೮,೦೦೦ಕ್ಕೂ ಹೆಚ್ಚು.

ನಮ್ಮ ತರಗತಿಯ ಕರಾವಳಿ ಪ್ರವಾಸದ ಮಾತು ಈ ವರ್ಷ ಬಂದಾಗ ಅಧ್ಯಾಪಕರು, ಈಜು ಬಲ್ಲವರು ಕೈ ಎತ್ತಿರಿ ಎಂದರು. ನಲವತ್ತಾರು ಜನರಲ್ಲಿ ಎದ್ದದ್ದು ಮೂರು ಕೈ. ಮೂವರೂ ಹುಡುಗರು; ಹುಡುಗಿಯರಲ್ಲಿ ಒಬ್ಬರೂ ಇಲ್ಲ. ಕೆಳಗಿಳಿಸಿಕೊಂಡಿದ್ದ ನನ್ನ ಕೈಯನ್ನು ನೋಡಿಕೊಂಡು ನನಗೆ ನಾಚಿಕೆಯಾಯಿತು. ಶಾರ್ಕಿನ ಮೂತಿಯ ಬುಡ್ಡಿಗಳ ಬಗೆಗೆ ಅರ್ಧ ಗಂಟೆ ಮಾತನಾಡಬಲ್ಲ ನಾನು ಎದೆಮಟ್ಟದ ನೀರಿನಲ್ಲಿ ಮುಳುಗಬಲ್ಲೆ! ನಮ್ಮ ತಂದೆಯ ಕಾಲದವರನ್ನು ಕೇಳಿದರೆ ಊರಿನ ಗಂಡುಹುಡುಗರಲ್ಲಿ ಈಜು ಬಾರದವನೇ ಇರಲಿಲ್ಲವೆನ್ನುತ್ತಾರೆ. ಪ್ರತಿಯೊಂದು ತೋಟಕ್ಕೂ ಮೆಟ್ಟಿಲ ಬಾವಿ. ಬೇಸಿಗೆಯ ರಜೆ ಬಂದರೆ ಬೆನ್ನಿಗೆ ಬುರುಡೆ. ಕೊಳವೆಬಾವಿಗಳು ಸಾವಿರ ಅಡಿ ಇಳಿದ ಮೇಲೆ ತೆರೆದ ಬಾವಿಗಳಲ್ಲಿ ಮುಳ್ಳುಗಿಡ ಬೆಳೆದಿದೆ. ಅಂತರ್ಜಲ ಹೋದುದನ್ನು ಎಲ್ಲರೂ ಲೆಕ್ಕವಿಟ್ಟಿದ್ದಾರೆ. ಅದರ ಜೊತೆಯಲ್ಲಿ ಒಂದು ತಲೆಮಾರಿನ ಈಜು ಹೋದುದನ್ನು ಯಾರೂ ಲೆಕ್ಕವಿಟ್ಟಂತಿಲ್ಲ.

ಅಣ್ಣನು ಕೈಪಟ್ಟಿ ಕೊಳ್ಳಲಿಲ್ಲ. ಆ ಹಣಕ್ಕೆ ಇನ್ನಷ್ಟು ಸೇರಿಸಿ, ಮುಳುಗಿದವರನ್ನು ಎತ್ತಿ ಉಸಿರು ಬರಿಸುವ ತರಬೇತಿ ಮಾಡಿಕೊಂಡನು. ತಾಯತ ಮಾತ್ರ ಇನ್ನೂ ತೋಳಿನಲ್ಲಿಯೇ ಇದೆ. ಅಮ್ಮನಿಗೆ ಫೋಟೋ ತೆಗೆದು ಕಳುಹಿಸಬೇಕಲ್ಲ ಎನ್ನುತ್ತಾನೆ. ಈ ಯುಗಾದಿಗೆ ಊರಿಗೆ ಬಂದಿದ್ದಾಗ ನನಗೂ ಚಿಕ್ಕ ತಂಗಿಯರಿಬ್ಬರಿಗೂ ಈಜು ಕಲಿಸುತ್ತೇನೆಂದು ಹೊರಟನು. ನೀರಿದ್ದದ್ದು ಪಕ್ಕದ ತೋಟದ ಕೃಷಿಹೊಂಡದಲ್ಲಿ. ಅದರ ಪ್ಲಾಸ್ಟಿಕ್ ಹಾಸಿನ ಮೇಲೆ ಕಾಲಿಟ್ಟರೆ ಜಾರುತ್ತದೆ, ಒಳಗೆ ಬಿದ್ದವನಿಗೆ ಹತ್ತಿಬರಲು ಹಿಡಿಯೇ ಇರದು. ಅವನು ಮೊದಲು ದಡದ ಮರಕ್ಕೆ ದಪ್ಪ ಹಗ್ಗವೊಂದನ್ನು ಕಟ್ಟಿ ಒಳಕ್ಕೆ ಇಳಿಬಿಟ್ಟನು. ಅಟ್ಟದ ಮೇಲಿನ ಹಳೆಯ ಸೋರೆಬುರುಡೆಯನ್ನು ಚಿಕ್ಕಮ್ಮ ಇಳಿಸಿ ಕೊಟ್ಟಳು. ಅದರ ಹೊಟ್ಟೆಯಲ್ಲಿ ಇಲಿ ಕೊರೆದ ತೂತು. ಆ ಸಲಕ್ಕೆ ಖಾಲಿ ಎಣ್ಣೆಯ ಡಬ್ಬ ಕಟ್ಟಿಕೊಂಡೇ ಇಳಿದೆವು. ನಾಲ್ಕು ದಿನದಲ್ಲಿ ನಾನು ತೇಲುವಷ್ಟಾದೆ. ತಂಗಿಯರು ನನಗಿಂತ ಮುಂದೆ.

ಮಳೆ ಬಿದ್ದ ಮೇಲೆ ಚಿಕ್ಕಮ್ಮ ಹಿತ್ತಿಲಿನಲ್ಲಿ ಸೋರೆಬೀಜ ಊರಿದಳು. ಬಳ್ಳಿ ಚಪ್ಪರಕ್ಕೆ ಹಬ್ಬಿ ಈಗ ಮೂರು ಕಾಯಿ ಬಿಟ್ಟಿದೆ. ಅವನ್ನು ಸಾಂಬಾರಿಗೆ ಕೊಯ್ಯಕೂಡದೆಂದು ಮನೆಯವರಿಗೆಲ್ಲ ಅಪ್ಪಣೆಯಾಗಿದೆ.